ವಿಕಲಚೇತನರ ಸೇವೆಯಲ್ಲಿ ಊರಿನ ಪಾಲು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು 1991ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. 24 ವರ್ಷಗಳಿಂದ ವಿಕಲಚೇತನರ ಸೇವಾಸಂಸ್ಥೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿ ದುಡಿಯುತ್ತಿದ್ದೇನೆ. ಇಂಥ ಸಂಸ್ಥೆಗಳ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ.

ನಮ್ಮ ನಾಡಿಗೆ ಈ ಸೇವೆ ಹೊಸದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆಲ್ಲ ಗೊತ್ತು. ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಅದನ್ನು ಬೆಳೆಸಿದರು. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು 'ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ' ಸಂಸ್ಥೆಯನ್ನು ಕಟ್ಟಿದರು. 1997ರಲ್ಲಿ ಮಹಾಂತೇಶ್ ಅವರು ಗೆಳೆಯರೊಡನೆ 'ಸಮರ್ಥನಂ' ಆರಂಭಿಸಿದರು. ಒಂದು ಮಾತು ಗಮನಿಸಿ: ಗವಾಯಿಗಳಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ; ಮಹಾಂತೇಶ್ ದೃಷ್ಟಿ ಇಲ್ಲದವರು; ಹೇಮಾ ಗಾಲಿಕುರ್ಚಿಯಲ್ಲಿ ಕುಳಿತೇ ಕೆಲಸ ಮಾಡಿದವರು. ಯಾರೋ ಬಂದು ಉದ್ಧಾರ ಮಾಡಲಿ ಎಂದು ಇವರು ಕಾಯಲಿಲ್ಲ.

ಇನ್ನು ನಮ್ಮ ದಿನನಿತ್ಯದ ಕೆಲಸ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಸ್ನಾಯುಗಳು ಹೆಚ್ಚಾಗಿ ಬಿಗಿಯಾಗಿರುತ್ತವೆ. ಚಿಕ್ಕಂದಿನಲ್ಲೇ ದಿನವೂ ವ್ಯಾಯಾಮ ಮಾಡಿಸಿ, ಸರಿಯಾದ ಭಂಗಿಯಲ್ಲಿ ಕೂರಿಸಿದರೆ ಕೀಲುಗಳು ಮಡಚಿಕೊಂಡು ಗಟ್ಟಿಯಾಗುವುದನ್ನು ತಡೆಯಲು ನೆರವಾಗಬಹುದು. ನಾವು ವಾರಕ್ಕೊಮ್ಮೆ ಹೋಗುತ್ತೇವೆ. ಉಳಿದ ಆರು ದಿನ ತಾಯಿಯೇ ಥೆರಪಿಸ್ಟ್. ಅಪಘಾತದಲ್ಲಿ ಕಾಲು ಕಳೆದುಕೊಂಡ ದೊಡ್ಡವರಿಗೆ ಕೃತಕ ಕಾಲು ಹಾಕಿಸಿ, ನಡಿಗೆ ಕಲಿಸಿ, ಒಂದು ಉದ್ಯೋಗಕ್ಕೆ ದಾರಿ ಮಾಡುತ್ತೇವೆ.

ಆದರೆ ಸಂಸ್ಥೆಯ ಕೈ ಮೀರಿದ ಸಂಗತಿಗಳೂ ಇವೆ. ನಾನು ಓಡಾಡುವ ತಾಲ್ಲೂಕಿನಲ್ಲಿ ಗಾಲಿಕುರ್ಚಿ ಬಳಸುವ ಹುಡುಗಿಯೊಬ್ಬಳಿದ್ದಳು. ಲೆಕ್ಕದಲ್ಲಿ ಬಲು ಚುರುಕು. ಶಾಲೆಯ ಶೌಚಾಲಯದೊಳಗೆ ಅವಳ ಕುರ್ಚಿ ಹೋಗುತ್ತಿರಲಿಲ್ಲ. ಅದಕ್ಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಏಳನೇ ತರಗತಿಗೆ ಓದು ನಿಂತಿತು. ಕುರ್ಚಿ ಕೊಟ್ಟಿದ್ದು ನಾವು; ಅದು ಒಳಗೆ ಹೋಗುವಂಥ ಬಾಗಿಲು ಇರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಪ್ರಮಾಣಪತ್ರ, ಮಾಸಾಶನ, ಸಾಧನ ಸಲಕರಣೆ ಯಾವುದೇ ಬೇಕಾದರೂ ಅವರನ್ನು ಕಾಣಿ. ಮನೆಯಲ್ಲಿ ಇಂಥ ಮಗುವಿದ್ದರೆ ದಯವಿಟ್ಟು ನೆಂಟರ ಕಣ್ಣಿಗೆ ಬೀಳಬಾರದೆಂದು ಒಳಗೆ ಕೂರಿಸಬೇಡಿ. ಅದು ಯಾರ ಪಾಪದ ಫಲವೂ ಅಲ್ಲ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ. ಬೇಡವೆನ್ನುವುದಿಲ್ಲ. ಆದರೆ ಆ ಕಮಾನಿನೊಳಗೆ ಬಂದ ಮಗು ತರಗತಿಯೊಳಕ್ಕೂ ಹೋಗಬೇಕಲ್ಲವೇ? ನಮ್ಮ ಶಾಲೆಯ ಜಗುಲಿಗೆ ಮೂರು ಮೆಟ್ಟಿಲು, ಎತ್ತರ ಒಂದೂವರೆ ಅಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಅಂದರೆ ನಮಗೆ 18 ಅಡಿ. ಜೊತೆಗೆ ಮೂರು ಅಡಿ ಅಗಲದ ಬಾಗಿಲು, ಹಿಡಿದುಕೊಳ್ಳಲು ಕಂಬಿ, ಕುರ್ಚಿ ತಿರುಗುವಷ್ಟು ಜಾಗ ಇರುವ ಒಂದು ಶೌಚಾಲಯ. ಮೊದಲು ಇವೆರಡು ಆಗಲಿ, ಆಮೇಲೆ ಕಮಾನು. ಇಳಿಜಾರಿನ ಕೆಲಸಕ್ಕೆ ನನ್ನ ಪಾಲಿನ ಹಣವನ್ನು ಇಂದೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ. ಅಳತೆ ಹಿಡಿದು ನಿಲ್ಲಲು ನಾನೇ ಬರುತ್ತೇನೆ.