ಪಿಯಾನೊ ಬೋಧನೆಯಲ್ಲಿ ಡಾಕ್ಟರೇಟ್: ಅರ್ಜಿ ಹಾಕುವ ಮುನ್ನ



ಪಿಯಾನೊ ನುಡಿಸುವುದು ಒಂದು ವಿದ್ಯೆ, ಅದನ್ನು ಕಲಿಸುವುದು ಇನ್ನೊಂದು. ಅಮೆರಿಕದಲ್ಲಿ ಈ ಎರಡನೆಯದಕ್ಕೂ ಡಾಕ್ಟರೇಟ್ ಉಂಟು. ಒಕ್ಲಹೋಮ, ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯಗಳು ಈ ವಿಷಯಕ್ಕೆ ಹೆಸರಾದವು. ಡಿ.ಎಂ.ಎ. ಪದವಿಯಲ್ಲಿ ಕಛೇರಿಗಳೂ ಇರುತ್ತವೆ, ಪಿಎಚ್.ಡಿ.ಯಲ್ಲಿ ಸಂಶೋಧನೆಯೇ ಮುಖ್ಯ. ಯಾವುದು ಬೇಕೆಂದು ಮೊದಲು ತೀರ್ಮಾನಿಸಿ.

ಅಂಕಪಟ್ಟಿ, ಶಿಫಾರಸು ಪತ್ರ, ಇಂಗ್ಲಿಷ್ ಪರೀಕ್ಷೆ ಎಲ್ಲ ಕಡೆಯೂ ಇದ್ದದ್ದೇ. ನೀವು ನುಡಿಸಿದ ಧ್ವನಿಮುದ್ರಣದ ಜೊತೆಗೆ ಪಾಠ ಮಾಡುವ ವಿಡಿಯೊವನ್ನೂ ಹಲವು ಕಡೆ ಕೇಳುತ್ತಾರೆ. ಅನೇಕರು ದೊಡ್ಡ ಸೊನಾಟಾಕ್ಕೆ ವರ್ಷವಿಡೀ ಬೆವರು ಸುರಿಸಿ, ವಿಡಿಯೊವನ್ನು ಕೊನೆಯ ವಾರ ತಮ್ಮ ಅತ್ಯಂತ ಜಾಣ ಶಿಷ್ಯನೊಂದಿಗೆ ಮುಗಿಸುತ್ತಾರೆ. ಇದು ಸಲ್ಲದು. ಜಾಣ ಮಗು ನಿಮ್ಮ ಬೋಧನೆಯನ್ನು ಮರೆಮಾಡುತ್ತದೆ! ತಡವರಿಸುವ ಮಗುವನ್ನೇ ಆರಿಸಿ. ಅದು ತಪ್ಪಿದಾಗ ನೀವು ಥಟ್ಟನೆ ಬಾಯಿ ಹಾಕುತ್ತೀರೋ, ಕಾಯುತ್ತೀರೋ? ಪಾಠದ ಕೊನೆಗೆ ಅದು ತಾನಾಗಿಯೇ ಆ ಸಾಲನ್ನು ಸರಿಯಾಗಿ ನುಡಿಸೀತೇ? ನೋಡಬೇಕಾದದ್ದು ಇಷ್ಟೇ. ಇಬ್ಬರ ಕೈಗಳೂ ಕಾಣುವಂತೆ ಕ್ಯಾಮರಾ ಪಕ್ಕದಲ್ಲಿರಲಿ. ಪೋಷಕರ ಲಿಖಿತ ಒಪ್ಪಿಗೆ ಮರೆಯಬೇಡಿ.

ಉದ್ದೇಶ ಪತ್ರದಲ್ಲಿ ಬಾಲ್ಯದ ಸಂಗೀತಪ್ರೇಮ ಬೇಡ. ಅದನ್ನು ಎಲ್ಲರೂ ಬರೆಯುತ್ತಾರೆ. ನಿಮ್ಮ ಪಾಠದ ಕೋಣೆಯಲ್ಲೇ ಹುಟ್ಟಿದ ಒಂದು ಪ್ರಶ್ನೆ ಬರೆಯಿರಿ. ಕಿವಿಯಿಂದ ಬೇಗ ಕಲಿಯುವ ಮಗು ಸ್ವರಲಿಪಿ ಕಂಡೊಡನೆ ಏಕೆ ಮುಗ್ಗರಿಸುತ್ತದೆ?

ಇನ್ನು ಹಣದ ಮಾತು. ಸಹಾಯಕ ಬೋಧಕ ಹುದ್ದೆ ದೊರೆತರೆ, ವಾರಕ್ಕೆ ಸಾಮಾನ್ಯವಾಗಿ 20 ಗಂಟೆಯವರೆಗಿನ ಕೆಲಸಕ್ಕೆ ವೇತನವೂ ಬಹಳಷ್ಟು ಕಡೆ ಶುಲ್ಕ ವಿನಾಯಿತಿಯೂ ಸಿಗುತ್ತವೆ. ಅದಿಲ್ಲದೆ ಸಾಲ ಮಾಡಿ ಹೊರಡುವುದನ್ನು ನಾನಂತೂ ಒಪ್ಪಲಾರೆ. ವಿನಾಯಿತಿ ಪೂರ್ಣವೋ, ಭಾಗಶಃವೋ ಎಂಬುದನ್ನು ಪ್ರವೇಶ ಒಪ್ಪಿಕೊಳ್ಳುವ ಮುನ್ನ ಬರಹದಲ್ಲೇ ಕೇಳಿ ಪಡೆಯಿರಿ. ಕೊನೆಯ ದಿನಾಂಕ ಅನೇಕ ಕಡೆ ಡಿಸೆಂಬರ್‌ನಲ್ಲಿರುತ್ತದೆ. ಪ್ರಾಧ್ಯಾಪಕರಿಗೆ ಸೆಪ್ಟೆಂಬರ್‌ನಲ್ಲೇ ಪತ್ರ ಹೋಗಲಿ.