ಮೇಲೆ ಮೈತ್ರಿ, ಕೆಳಗೆ ಹೊಲ
(ವಿದ್ಯಾರ್ಥಿನಿಲಯದ ಸಭೆಯಲ್ಲಿ ಆಡಿದ ಮಾತು)

ಗೆಳೆಯರೆ,

ನೀವು ನನ್ನನ್ನು ಕರೆದದ್ದು ಕವಿತೆ ಓದಲಿಕ್ಕೆ. ಜೇಬಿನಲ್ಲಿ ಎರಡು ಕವಿತೆ ಇವೆ, ಇವತ್ತು ಅವು ಅಲ್ಲೇ ಇರಲಿ. ನಿನ್ನೆ ರಾತ್ರಿ ಊಟ ಆದ ಮೇಲೆ ರೂಮಿನಲ್ಲಿ ಹತ್ತು ಹನ್ನೆರಡು ಜನ ಕೂತು ಜಗಳ ಆಡಿದ್ರಲ್ಲ, ಆ ಜಗಳ ನನಗೆ ನಿದ್ದೆ ಮಾಡಲು ಬಿಡಲಿಲ್ಲ. ಒಬ್ಬ ಹೇಳಿದ: 'ನಾವು ಯಾರ ಜೊತೆಗೂ ಸೇರಬಾರದು. ಸೇರಿದವರೆಲ್ಲ ನಮ್ಮನ್ನು ಮಾರಿಕೊಂಡಿದ್ದಾರೆ.' ಇನ್ನೊಬ್ಬ: 'ಸೇರದೇ ಹೋದ್ರೆ ಗೆಲ್ಲೋದು ಯಾವಾಗ, ಮೊಮ್ಮಕ್ಕಳ ಕಾಲಕ್ಕಾ?' ಮತ್ತೊಬ್ಬ ಚಾಪೆ ಮೇಲೆ ಮಲಗಿಕೊಂಡೇ, 'ಓಟಿನಿಂದ ಏನೂ ಆಗಲ್ಲ ಬಿಡ್ರೋ' ಅಂದ. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೆ ಮೂವರ ಮಾತಿನಲ್ಲೂ ಲೆಕ್ಕ ಇರಲಿಲ್ಲ. ಅದಕ್ಕೇ ಇವತ್ತು ಲೆಕ್ಕ ಮಾತಾಡೋಣ. ನಾನು ಬಿ.ಎ. ಓದಿದವನು, ಗಣಿತದಲ್ಲಿ ಹಿಂದೆ. ಆದರೂ ಕೂಡುವುದು ಕಳೆಯುವುದು ಬರುತ್ತದೆ.

ನಾನು ಆರಿಸಿಕೊಂಡಿರುವುದು ಉತ್ತರ ಪ್ರದೇಶದ 1993ರ ವಿಧಾನಸಭಾ ಚುನಾವಣೆಯನ್ನು. ದಲಿತರ ಪಕ್ಷವೊಂದು ಹಿಂದುಳಿದವರ ಪಕ್ಷದ ಜೊತೆ ಚುನಾವಣೆಗೆ ಮುಂಚೆಯೇ ಕೈ ಜೋಡಿಸಿ, ಸರ್ಕಾರ ಮಾಡಿ, ಒಂದೂವರೆ ವರ್ಷದಲ್ಲಿ ಬೀದಿಗೆ ಬಿದ್ದ ಕಥೆ ಅದು. ನಮ್ಮ ರೂಮಿನ ಜಗಳದ ಮೂರೂ ಮಾತು ಆ ಒಂದು ಕಥೆಯೊಳಗೆ ಇವೆ.

ಮೊದಲು ಹಿನ್ನೆಲೆ ಹೇಳ್ತೀನಿ. ಕಾನ್ಶೀರಾಂ ಪುಣೆಯ ರಕ್ಷಣಾ ಇಲಾಖೆಯ ಪ್ರಯೋಗಾಲಯವೊಂದರಲ್ಲಿ ನೌಕರಿಯಲ್ಲಿದ್ದವರು. ಅಂಬೇಡ್ಕರ್ ಜಯಂತಿಯ ರಜೆ ತೆಗೆದದ್ದನ್ನು ಪ್ರಶ್ನೆ ಮಾಡಿದ ನಾಲ್ಕನೇ ದರ್ಜೆ ನೌಕರನೊಬ್ಬನನ್ನು ಅಮಾನತು ಮಾಡಿದಾಗ ಅವನ ಪರ ನಿಂತರು. ಆಮೇಲೆ ನೌಕರಿಯನ್ನೇ ಬಿಟ್ಟರು. 1978ರಲ್ಲಿ ನೌಕರರ ಸಂಘಟನೆ ಬಾಮ್‌ಸೆಫ್, 1981ರಲ್ಲಿ ಡಿ.ಎಸ್.4, 1984ರ ಏಪ್ರಿಲ್ 14ರಂದು ಬಹುಜನ ಸಮಾಜ ಪಕ್ಷ. ಅವರ ಮಾತು ಸರಳವಾಗಿತ್ತು: ಈ ದೇಶದಲ್ಲಿ ನೂರಕ್ಕೆ 85 ಜನ ನಾವು, 15 ಜನ ಅವರು, ಓಟು ನಮ್ಮದು, ರಾಜ್ಯ ಅವರದು ಆಗುವುದು ಹೇಗೆ?

ಮಾತು ಸರಳ, ಲೆಕ್ಕ ಸರಳವಾಗಿರಲಿಲ್ಲ. ಉತ್ತರ ಪ್ರದೇಶದಲ್ಲಿ ದಲಿತರು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. 1989ರಲ್ಲಿ ಬಿಎಸ್‌ಪಿಗೆ ಬಂದದ್ದು 13 ಸೀಟು, 1991ರಲ್ಲಿ 12. ಯಾಕೆ? ನಮ್ಮ ಕೇರಿಗಳು ಎಲ್ಲ ಊರಲ್ಲೂ ಇವೆ, ಯಾವ ಕ್ಷೇತ್ರದಲ್ಲೂ ನಾವೇ ಹೆಚ್ಚಲ್ಲ. ಊರಿನ ಹೊರಗೆ ಇಟ್ಟರು, ಆದರೆ ಒಂದೇ ಕಡೆ ಇಡಲಿಲ್ಲ. ಇದು ಹೊಸ ಸಂಗತಿಯಲ್ಲ. 1932ರ ಪೂನಾ ಒಪ್ಪಂದದಲ್ಲಿ ಬಾಬಾಸಾಹೇಬರು ಪ್ರತ್ಯೇಕ ಮತಕ್ಷೇತ್ರವನ್ನು ಬಿಟ್ಟುಕೊಡಬೇಕಾಯಿತು. ಅದಕ್ಕೆ ಬದಲು ಪ್ರಾಂತ್ಯಗಳ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ ಬಂದವು, ಆದರೆ ಜಂಟಿ ಮತಕ್ಷೇತ್ರ. ಅಂದರೆ ನಿಲ್ಲುವವನು ನಮ್ಮವನು, ನಮ್ಮವರಲ್ಲಿ ಯಾರು ಗೆಲ್ಲಬೇಕು ಅಂತ ತೀರ್ಮಾನ ಮಾಡುವವರಲ್ಲಿ ಹೆಚ್ಚು ಜನ ಬೇರೆಯವರು. ಇವತ್ತಿನ ಮೀಸಲು ಕ್ಷೇತ್ರವೂ ಅದೇ. ಆದ್ದರಿಂದ 'ಯಾರ ಜೊತೆಗೂ ಸೇರಲ್ಲ' ಅನ್ನುವ ಗೆಳೆಯ ನೆನಪಿಡಬೇಕು. ಓಟಿನ ಡಬ್ಬಿಯೊಳಗೆ ನಾವು ಆಗಲೇ ಬೇರೆಯವರ ಜೊತೆ ಸೇರಿಬಿಟ್ಟಿದ್ದೇವೆ, ಯಾವ ಷರತ್ತೂ ಹಾಕದೆ.

ಈಗ 1993ಕ್ಕೆ ಬರೋಣ. 1991ರಲ್ಲಿ ಬಿಜೆಪಿ 221 ಸೀಟು ಗೆದ್ದು ಕಲ್ಯಾಣ್ ಸಿಂಗ್ ಮುಖ್ಯಮಂತ್ರಿಯಾಗಿದ್ದರು. 1992ರ ಡಿಸೆಂಬರ್ 6ರಂದು, ಬಾಬಾಸಾಹೇಬರು ತೀರಿಕೊಂಡ ಅದೇ ದಿನ, ಅಯೋಧ್ಯೆಯಲ್ಲಿ ಬಾಬ್ರಿ ಮಸೀದಿಯನ್ನು ಕೆಡವಿದರು. ಸರ್ಕಾರ ಹೋಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ಮುಂದಿನ ವರ್ಷ ನವೆಂಬರ್‌ನಲ್ಲಿ ಚುನಾವಣೆ. ಮುಲಾಯಂ ಸಿಂಗ್ ಯಾದವ್ 1992ರಲ್ಲಿ ಕಟ್ಟಿದ ಸಮಾಜವಾದಿ ಪಕ್ಷವೂ ಕಾನ್ಶೀರಾಂ ಅವರ ಬಿಎಸ್‌ಪಿಯೂ ಸೀಟು ಹಂಚಿಕೊಂಡವು: ಅವರಿಗೆ 256, ನಮಗೆ 164. ಇಬ್ಬರ ಹೆಸರನ್ನು ಪ್ರಾಸ ಕಟ್ಟಿ ಕೂಗಿದ ಘೋಷಣೆ ಗೋಡೆ ಗೋಡೆಯ ಮೇಲೆ ಬಂತು.

ಫಲಿತಾಂಶ ಬರೆದುಕೊಳ್ಳಿ. ಬಿಜೆಪಿ 177. ಸಮಾಜವಾದಿ ಪಕ್ಷ 109, ಬಿಎಸ್‌ಪಿ 67. ಎರಡೂ ಕೂಡಿದರೆ 176. ಒಂದೇ ಒಂದು ಕಡಿಮೆ! ಕಾಂಗ್ರೆಸ್ಸಿಗೆ 28, ಜನತಾದಳಕ್ಕೆ 27 ಬಂದಿದ್ದವು. ಅವರ ಬೆಂಬಲದಿಂದ ಡಿಸೆಂಬರ್‌ನಲ್ಲಿ ಮುಲಾಯಂ ಮುಖ್ಯಮಂತ್ರಿಯಾದರು. 12 ಇದ್ದ ನಮ್ಮ ಸೀಟು 67 ಆಯಿತು. ಬಂದ ಓಟು ಎಷ್ಟು? ನೂರಕ್ಕೆ ಹನ್ನೊಂದು ಚಿಲ್ಲರೆ. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡ್ತೀನಿ. 2022ರಲ್ಲಿ ಅದೇ ಉತ್ತರ ಪ್ರದೇಶದಲ್ಲಿ, ಒಂಟಿಯಾಗಿ ನಿಂತ ಅದೇ ಪಕ್ಷಕ್ಕೆ ನೂರಕ್ಕೆ ಸುಮಾರು 13 ಓಟು ಬಂತು. ಸೀಟು? ಒಂದು. ಹನ್ನೊಂದಕ್ಕೆ 67, ಹದಿಮೂರಕ್ಕೆ 1. ಹೆಚ್ಚು ಓಟು ಪಡೆದವನು ಒಬ್ಬ ಗೆಲ್ಲುವ ಈ ಪದ್ಧತಿಯಲ್ಲಿ ಚದುರಿದ ಓಟಿಗೆ ಬೆಲೆ ಇಲ್ಲ. ಮೈತ್ರಿ ಬೇಕು ಅಂದ ಗೆಳೆಯನ ಮಾತು ಇಷ್ಟರ ಮಟ್ಟಿಗೆ ನಿಜ.

ಹಾಗಾದ್ರೆ ಒಡೆದದ್ದು ಯಾಕೆ? ಇಲ್ಲಿಂದ ಮುಂದೆ ಅಂಕಿ ಬಿಟ್ಟು ಹೊಲಕ್ಕೆ ಹೋಗಬೇಕು.

ಉತ್ತರ ಪ್ರದೇಶದಲ್ಲಿ ಜಮೀನ್ದಾರಿ ರದ್ದಾದದ್ದು 1950ರ ದಶಕದ ಆರಂಭದಲ್ಲಿ. ಭೂಮಿ ಹೆಚ್ಚಾಗಿ ಹೋದದ್ದು ಗೇಣಿ ಮಾಡುತ್ತಿದ್ದವರ ಕೈಗೆ, ಅವರಲ್ಲಿ ಯಾದವರು, ಕುರ್ಮಿಗಳು, ಜಾಟರು ಇದ್ದರು. ಗೇಣಿಯೂ ಇಲ್ಲದೆ ಕೂಲಿ ಮಾತ್ರ ಮಾಡುತ್ತಿದ್ದವನ ಕೈಗೆ ಬರಲಿಲ್ಲ. ಅವನು ಕೂಲಿಯಾಗೇ ಉಳಿದ, ದಣಿ ಮಾತ್ರ ಬದಲಾದ. ಲಖನೌದಲ್ಲಿ ಒಂದೇ ವೇದಿಕೆ ಮೇಲೆ ಕೈ ಎತ್ತಿದ ಎರಡು ಪಕ್ಷಗಳ ಜನ ಊರಲ್ಲಿ ಏನಾಗಿದ್ದರು? ಒಬ್ಬ ಕೂಲಿ ಕೊಡುವವನು, ಒಬ್ಬ ಕೂಲಿ ಕೇಳುವವನು. ಒಬ್ಬನ ಬೋರ್‌ವೆಲ್, ಇನ್ನೊಬ್ಬನ ಬಾಯಾರಿಕೆ. ಆ ಸೀಟು ಹಂಚಿಕೆಯಲ್ಲಿ 256 ಇತ್ತು, 164 ಇತ್ತು. ದಿನಗೂಲಿ ಎಷ್ಟು ಅನ್ನುವುದು ಇರಲಿಲ್ಲ.

ಸರ್ಕಾರ ನಮ್ಮದು ಅಂತ ನಮ್ಮ ಜನ ತಲೆ ಎತ್ತಿದರು. ಊರೂರಲ್ಲಿ ಬಾಬಾಸಾಹೇಬರ ವಿಗ್ರಹ ನಿಲ್ಲಿಸತೊಡಗಿದರು. 1994ರಲ್ಲಿ ಮೀರತ್‌ನಲ್ಲಿ ಅಂಥದೊಂದು ವಿಗ್ರಹದ ಗಲಾಟೆಯಲ್ಲಿ ಪೊಲೀಸರು ಗುಂಡು ಹಾರಿಸಿದರು, ನಮ್ಮದೇ ಸರ್ಕಾರದ ಪೊಲೀಸರು. 1995ರ ಪಂಚಾಯತಿ ಚುನಾವಣೆಯಲ್ಲಿ ಮೇಲಿನ ಗೆಳೆಯರು ಕೆಳಗೆ ದೊಣ್ಣೆ ಹಿಡಿದು ಎದುರುಬದುರು ನಿಂತರು. ಮುಖ್ಯಮಂತ್ರಿಗಳು ನಮ್ಮ ಶಾಸಕರನ್ನೇ ಒಡೆದುಕೊಳ್ಳುತ್ತಾರೆ ಅನ್ನುವ ಅನುಮಾನ ಬೇರೆ. ಜೂನ್ 1ರಂದು ಬಿಎಸ್‌ಪಿ ಬೆಂಬಲ ವಾಪಸ್ ತೆಗೆದುಕೊಂಡಿತು. ಜೂನ್ 2ರಂದು ಲಖನೌದ ಸರ್ಕಾರಿ ಅತಿಥಿಗೃಹದಲ್ಲಿ ಶಾಸಕರ ಸಭೆ ನಡೆಸುತ್ತಿದ್ದ ಮಾಯಾವತಿಯವರ ಮೇಲೆ ಸಮಾಜವಾದಿ ಪಕ್ಷದವರ ಗುಂಪು ನುಗ್ಗಿತು. ಜಾತಿ ಹಿಡಿದು ಬೈದರು. ಆಕೆ ಕೋಣೆಯ ಬಾಗಿಲು ಹಾಕಿಕೊಂಡು ಜೀವ ಉಳಿಸಿಕೊಳ್ಳಬೇಕಾಯಿತು.

ಗೆಳೆಯರೆ, ಇದನ್ನು ಪಕ್ಷ ಪಕ್ಷದ ಜಗಳ ಅಂತ ಓದಬೇಡಿ. ಕೂಲಿ ಹೆಚ್ಚು ಕೇಳಿದ ಹೆಂಗಸಿನ ಮೇಲೆ ಊರಲ್ಲಿ ಏನು ನಡೆಯುತ್ತದೋ ಅದೇ ರಾಜಧಾನಿಯಲ್ಲಿ ನಡೆಯಿತು. ಹೊಲದ ಬದುವಿನಿಂದ ಎದ್ದ ದೊಣ್ಣೆ ಅತಿಥಿಗೃಹದ ತನಕ ಬಂತು.

ಮಾರನೆಯ ದಿನ, 1995ರ ಜೂನ್ 3ರಂದು, ಮಾಯಾವತಿ ಮುಖ್ಯಮಂತ್ರಿಯಾದರು. ಈ ದೇಶದಲ್ಲಿ ದಲಿತ ಹೆಣ್ಣುಮಗಳೊಬ್ಬಳು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು, ವಯಸ್ಸು 39. ಆ ಸುದ್ದಿಗೆ ನಮ್ಮ ಕೇರಿಗಳ ಕಣ್ಣಲ್ಲಿ ಬಂದ ನೀರನ್ನು ಯಾವ ಪಂಡಿತನೂ ಲೇವಡಿ ಮಾಡಬಾರದು. ಆದರೆ ಬೆಂಬಲ ಕೊಟ್ಟವರು ಯಾರು? ಬಿಜೆಪಿ. ಯಾರನ್ನು ತಡೆಯಲಿಕ್ಕೆ 1993ರ ಮೈತ್ರಿ ಆಯಿತೋ ಅವರೇ. ನಾಲ್ಕೂವರೆ ತಿಂಗಳಲ್ಲಿ ಅವರು ಕೈ ಎತ್ತಿದರು, ಅಕ್ಟೋಬರ್‌ನಲ್ಲಿ ಸರ್ಕಾರ ಬಿತ್ತು. ನಮ್ಮಾಕೆ ಮುಖ್ಯಮಂತ್ರಿಯಾದಳು ಅನ್ನುವುದೂ ನಿಜ, ಬಹುಜನರ ಒಗ್ಗಟ್ಟು ಒಡೆದು ಲಾಭ ಮಾಡಿಕೊಂಡವರು ಬೇರೆ ಅನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮಗಿರಬೇಕು.

1996ರಲ್ಲಿ ಕಾಂಗ್ರೆಸ್ಸಿನ ಜೊತೆ ಮೈತ್ರಿ. ಬಿಎಸ್‌ಪಿ ಸುಮಾರು 300 ಕಡೆ ನಿಂತಿತು, ಗೆದ್ದದ್ದು ಮತ್ತೆ ಅದೇ 67. ಕಾಂಗ್ರೆಸ್ ಸುಮಾರು 125 ಕಡೆ ನಿಂತು 33 ಗೆದ್ದಿತು. ಆಗ ಪಕ್ಷ ಕಲಿತ ಪಾಠ: ನಮ್ಮ ಓಟು ಅವರಿಗೆ ಹೋಗುತ್ತದೆ, ಅವರ ಓಟು ನಮಗೆ ಬರುವುದಿಲ್ಲ. ನಾಯಕ ಹೇಳಿದ ಅಂತ ನಮ್ಮಪ್ಪ ಯಾವ ಗುರುತಿಗಾದರೂ ಒತ್ತುತ್ತಾನೆ. ಗೌಡ ಒತ್ತುತ್ತಾನಾ? ನಾಯಕ ಹೇಳಿದರೂ ಅವನ ಬೆರಳು ಜಾತಿ ಕೇಳುತ್ತದೆ.

2007ರಲ್ಲಿ ಬೇರೆ ದಾರಿ. ಯಾವ ಪಕ್ಷದ ಜೊತೆಗೂ ಸೇರದೆ, ಮುಂಚೆಯೇ ಕ್ಷೇತ್ರ ಕ್ಷೇತ್ರಗಳಲ್ಲಿ ಭಾಯಿಚಾರಾ ಸಮಿತಿ ಮಾಡಿ, ದಲಿತರನ್ನೂ ಬ್ರಾಹ್ಮಣರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರು. 403ರಲ್ಲಿ 206 ಸೀಟು. ಮಾಯಾವತಿ ಐದು ವರ್ಷ ಪೂರ್ತಿ ಆಳಿದರು. ಅದಕ್ಕೆ ಬೆಲೆಯೂ ಕೊಟ್ಟರು: ಬ್ರಾಹ್ಮಣರಿಗೆ ಹೇರಳವಾಗಿ ಟಿಕೆಟ್ ಹೋಯಿತು, 'ಬಹುಜನ' ಅನ್ನುವ ಮಾತು 'ಸರ್ವಜನ' ಆಯಿತು. 2012ರಲ್ಲಿ 80ಕ್ಕೆ ಇಳಿದರು. ಆ ಬೆಲೆ ಸರಿಯೋ ತಪ್ಪೋ, ಅದು ಇನ್ನೊಂದು ರಾತ್ರಿಯ ಜಗಳ. ಇವತ್ತು ಗಮನಿಸಬೇಕಾದ್ದು ಒಂದೇ: ಐದು ವರ್ಷ ಉಳಿದ ಸರ್ಕಾರ ಬಂದದ್ದು ಕೂಡಿಕೆ ಕ್ಷೇತ್ರದ ಮಟ್ಟದಲ್ಲಿ ನಡೆದಾಗ, ಇಬ್ಬರು ನಾಯಕರು ಮಾಲೆ ಬದಲಾಯಿಸಿಕೊಂಡಾಗ ಅಲ್ಲ. 2019ರ ಲೋಕಸಭೆಗೆ ಹಳೆಯ ವೈರಿಗಳು ಮತ್ತೆ ಮಾಲೆ ಬದಲಾಯಿಸಿಕೊಂಡರು. ಬಿಎಸ್‌ಪಿಗೆ 10, ಸಮಾಜವಾದಿ ಪಕ್ಷಕ್ಕೆ 5. ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಮಾಲೆ ಒಣಗಿತು.

ಅದೆಲ್ಲ ಉತ್ತರದ ಕಥೆ, ನಮಗೇನು ಅನ್ನಬೇಡಿ. ಅದೇ ಪಕ್ಷ 2018ರಲ್ಲಿ ಕರ್ನಾಟಕದಲ್ಲಿ ಜಾತ್ಯತೀತ ಜನತಾದಳದ ಜೊತೆ ಸೇರಿತು. ಕೊಳ್ಳೇಗಾಲದ ಮೀಸಲು ಕ್ಷೇತ್ರದಿಂದ ಎನ್. ಮಹೇಶ್ ಗೆದ್ದರು, ಸಚಿವರೂ ಆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಜೀನಾಮೆ. 2019ರ ಜುಲೈನಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಹೋಗಲಿಲ್ಲ, ಪಕ್ಷ ಉಚ್ಚಾಟನೆ ಮಾಡಿತು. 2021ರಲ್ಲಿ ಅವರು ಬಿಜೆಪಿ ಸೇರಿದರು, 2023ರಲ್ಲಿ ಸೋತರು. ಒಬ್ಬ ಮನುಷ್ಯನನ್ನು ಬೈದು ನಾವು ಕೈ ತೊಳೆದುಕೊಳ್ಳಬಹುದು. ನಾನು ಕೇಳುವುದು ಬೇರೆ: ಆ ಗೆಲುವಿಗೆ ವರ್ಷಗಟ್ಟಲೆ ಸೈಕಲ್ ತುಳಿದ ಹುಡುಗರನ್ನು ಈ ತೀರ್ಮಾನಗಳಲ್ಲಿ ಯಾರಾದರೂ ಕರೆದು ಕೂರಿಸಿದರಾ?

ನಮ್ಮೂರಿನದೂ ಒಂದು ಹೇಳಿಬಿಡ್ತೀನಿ. ನನ್ನ ಚಿಕ್ಕವ್ವ ಮೀಸಲಾತಿಯಲ್ಲಿ ಗ್ರಾಮ ಪಂಚಾಯತಿ ಅಧ್ಯಕ್ಷೆ ಆದಳು. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ ಅದು, ಆದರೂ ಒಳಗೊಳಗೆ ಹೊಂದಾಣಿಕೆ ಆಗಿತ್ತು: ಅಧ್ಯಕ್ಷಗಿರಿ ಕೇರಿಗೆ, ಉಪಾಧ್ಯಕ್ಷಗಿರಿ ಊರಿಗೆ. ಮೆರವಣಿಗೆ ಆಯಿತು, ಹಾರ ಬಿತ್ತು. ಸಂಜೆ ಸೀಲು ಉಪಾಧ್ಯಕ್ಷರ ಮನೆಗೆ ಹೋಯಿತು. ಮೂರು ತಿಂಗಳು ಚಿಕ್ಕವ್ವ ಅವರ ಜಗುಲಿಯ ಕೆಳಗೆ ನಿಂತು ರುಜು ಹಾಕಿದಳು. ನಾಲ್ಕನೇ ತಿಂಗಳು, 'ಸೀಲು ಕೊಡಿ, ಇಲ್ದಿದ್ರೆ ರುಜು ಹಾಕಲ್ಲ' ಅಂದಳು. ಮಾರನೆಯ ದಿನದಿಂದ ನಮ್ಮ ಕೇರಿಯ ಹೆಂಗಸರನ್ನು ಅವರ ಹೊಲಕ್ಕೆ ಕೂಲಿಗೆ ಕರೆಯಲಿಲ್ಲ. ಹದಿನೆಂಟು ದಿನ. ಕೇರಿ ಬಗ್ಗಲಿಲ್ಲ. ಹತ್ತೊಂಬತ್ತನೇ ದಿನ ರಾಗಿ ಹೊಲದ ಕಳೆ ಕೀಳುವವರಿಲ್ಲದೆ ಸೀಲು ತಾನಾಗೇ ನಡೆದು ಬಂತು. ಚಿಕ್ಕವ್ವನಿಗೆ ಉತ್ತರ ಪ್ರದೇಶ ಎಲ್ಲಿದೆ ಗೊತ್ತಿಲ್ಲ. ಲಖನೌದಲ್ಲಿ ತಿಳಿಯದೇ ಹೋದದ್ದು ಅವಳಿಗೆ ತಿಳಿದಿತ್ತು.

ಆದ್ದರಿಂದ ಗೆಳೆಯರೆ, ಮೈತ್ರಿ ಬೇಕೋ ಬೇಡವೋ ಅನ್ನುವ ಜಗಳ ಬಿಡಿ. ಯಾವ ಪಕ್ಷದವನು ಬಂದು 'ನಾವು ನೀವು ಒಂದು' ಅಂದರೂ ಮೂರು ಪ್ರಶ್ನೆ ಕೇಳಿ. ಒಂದು, ನಿಮ್ಮವರ ಹೊಲದಲ್ಲಿ ನಮ್ಮವರ ಕೂಲಿ ಎಷ್ಟು, ಬಗರ್‌ಹುಕುಂ ಜಮೀನಿನ ತಂಟೆಯಲ್ಲಿ ನೀವು ಯಾವ ಕಡೆ? ಇದು ಒಪ್ಪಂದದಲ್ಲಿ ಬರೆದಿದೆಯಾ? ಎರಡು, ಮೀಸಲು ಅಲ್ಲದ ಸೀಟಿನಲ್ಲಿ ನಮ್ಮವನನ್ನು ನಿಲ್ಲಿಸಿದರೆ ನಿಮ್ಮ ಊರು ಓಟು ಹಾಕುತ್ತದಾ? ಮೂರು, ನಾಳೆ ಇದು ಒಡೆದರೆ ದೊಣ್ಣೆ ಬೀಳುವುದು ಯಾರ ಮೇಲೆ?

ಉತ್ತರ ಹೇಳದವನಿಗೆ ಚಹಾ ಕುಡಿಸಿ ಕಳಿಸಿ, ಮಾತು ಕೊಡಬೇಡಿ. ಹೇಳಿದವನನ್ನೂ ಸುಮ್ಮನೆ ನಂಬಬೇಡಿ, ನಿಮ್ಮೂರಿಗೆ ಕರೆದುಕೊಂಡು ಹೋಗಿ ಎರಡೂ ಕಡೆಯವರ ಎದುರಿಗೆ ಹೇಳಿಸಿ. ರಜೆಗೆ ಹೋದಾಗ ಮಾಡಬೇಕಾದ ಕೆಲಸ ಇದೇ. ಮತದಾರರ ಪಟ್ಟಿಯಲ್ಲಿ ಕೇರಿಯ ಎಷ್ಟು ಹೆಸರು ಬಿಟ್ಟುಹೋಗಿದೆ ನೋಡಿ. ದಿನಗೂಲಿ ಎಷ್ಟು ನಡೆಯುತ್ತಿದೆ, ಗಂಡಿಗೆಷ್ಟು ಹೆಣ್ಣಿಗೆಷ್ಟು, ಬರೆದುಕೊಂಡು ಬನ್ನಿ. ಊರಿನ ಬಡ ಕುರುಬರ ಹುಡುಗ, ಉಪ್ಪಾರರ ಹುಡುಗ, ಸಾಬರ ಹುಡುಗ ನಿಮ್ಮ ಜೊತೆ ನಿಮ್ಮ ಮನೆಯಲ್ಲಿ ಕೂತು ಊಟ ಮಾಡುತ್ತಾನಾ ಕೇಳಿ. ಅವನು ಉಂಡ ದಿನ ಮೈತ್ರಿ ಶುರುವಾಯಿತು ಅಂತ ತಿಳಿಯಿರಿ.

ಚಾಪೆ ಮೇಲೆ ಮಲಗಿದ್ದ ಗೆಳೆಯನಿಗೆ ಒಂದು ಮಾತು: ಓಟಿನಿಂದಲೇ ಎಲ್ಲ ಆಗಲ್ಲ, ಒಪ್ಪಿದೆ. ಆದರೆ ನೀನು ಬಿಟ್ಟ ಓಟು ಖಾಲಿ ಇರಲ್ಲ, ಅದರ ಮೇಲೆ ಬೇರೆಯವನು ಕೂರುತ್ತಾನೆ. ಎದ್ದು ಕೂತ್ಕೋ.

ಜೈ ಭೀಮ್.