ಕಲ್ಲಿನ ಮೇಲೆ ಬರೆಸಿಕೊಂಡ ಮಾಫಿ

ಇಂಗ್ಲೆಂಡಿನ ಚರಿತ್ರೆಯನ್ನು ಶಾಲೆಯಲ್ಲಿ ಓದಿದವರಿಗೆ 1381ನೆಯ ಇಸವಿಯ ನೆನಪಿರಬಹುದು. ಆ ವರ್ಷದ ಜೂನ್ ತಿಂಗಳಲ್ಲಿ ಕೆಂಟ್, ಎಸೆಕ್ಸ್ ಪ್ರಾಂತಗಳ ರೈತರೂ ಕಸುಬುದಾರರೂ ಗುಂಪುಗೂಡಿ ಲಂಡನ್ ಪಟ್ಟಣವನ್ನು ಹೊಕ್ಕರು. ಅದಕ್ಕೂ ಮೂವತ್ತಮೂರು ವರ್ಷಗಳ ಹಿಂದೆ, 1348ರಲ್ಲಿ, ಆ ದೇಶಕ್ಕೆ ಬಂದ ಮಹಾಮಾರಿಯು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ನುಂಗಿತ್ತು. ದುಡಿಯುವ ಕೈ ಕಡಿಮೆಯಾದರೆ ಕೂಲಿ ಏರುವುದು ಸಹಜ. ಏರಕೂಡದೆಂದು 1351ರಲ್ಲಿ ಒಡೆಯರು ಕಾಯಿದೆ ಮಾಡಿದರು. ಅದರ ಮೇಲೆ ತಲೆಗಂದಾಯವೂ ಬಂದಿತು. ಜನ ಸಿಡಿದೆದ್ದರು. ಆಗ ಹದಿನಾಲ್ಕು ವರ್ಷದ ಹುಡುಗನಾಗಿದ್ದ ದೊರೆ ಎರಡನೆಯ ರಿಚರ್ಡನು, ಭೂಮಿಗೆ ಕಟ್ಟುಬಿದ್ದ ಜೀತವನ್ನು ರದ್ದುಮಾಡಿದ್ದೇನೆಂದು ಪತ್ರಗಳನ್ನು ಬರೆಸಿ ಹಂಚಿದನು. ಮರುದಿನ ಅವರ ನಾಯಕ ವಾಟ್ ಟೈಲರನು ದೊರೆಯ ಸಮ್ಮುಖದಲ್ಲಿಯೇ ಹತನಾದನು. ಮೂರು ವಾರ ಕಳೆಯುವುದರೊಳಗೆ ಆ ಪತ್ರಗಳೆಲ್ಲ ರದ್ದಾದವು.

ಈ ಪತ್ರಗಳ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿರಿ. ಅದನ್ನು ಹಿಡಿದುಕೊಂಡೇ ನಾವು ನಮ್ಮ ನಾಡಿಗೆ ಬರಬೇಕಾಗಿದೆ.

ಅದೇ ಕಾಲಕ್ಕೆ ಕನ್ನಡ ನಾಡಿನಲ್ಲಿಯೂ ಹಳೆಯ ವ್ಯವಸ್ಥೆ ಕದಲಿತ್ತು. 1336ರಲ್ಲಿ ವಿಜಯನಗರ, 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದವು. ಇವೆರಡರ ನಡುವಿನ ಕಾಳಗಗಳನ್ನು ನಮ್ಮ ಪಠ್ಯಪುಸ್ತಕಗಳು ಸಾಕಷ್ಟು ವರ್ಣಿಸಿವೆ. ನಾನೂ ವರ್ಷಗಟ್ಟಲೆ ಮಕ್ಕಳಿಗೆ ಅವನ್ನೇ ಬಾಯಿಪಾಠ ಮಾಡಿಸಿದವನು. ಆದರೆ ಕಾಳಗಕ್ಕೆ ಕುದುರೆ ಬೇಕು, ಕುದುರೆ ಸಮುದ್ರದಾಚೆಯಿಂದ ಬರಬೇಕು, ಅದಕ್ಕೆ ಹೊನ್ನು ಸುರಿಯಬೇಕು. ಆ ಹೊನ್ನು ಎಲ್ಲಿಂದ ಬಂದಿತು? ಹೊಲದಿಂದ, ಮಗ್ಗದಿಂದ, ಗಾಣದಿಂದ ಬಂದಿತು. ಆ ಕಾಲದ ಶಾಸನಗಳನ್ನು ತೆರೆದರೆ ಮಗ್ಗದೆರೆ, ಗಾಣದೆರೆ, ಮದುವೆಯ ಸುಂಕ, ಕಾಣಿಕೆ, ಬಿಟ್ಟಿ ಎಂದು ತೆರಿಗೆಗಳ ಸಾಲೇ ಕಣ್ಣಿಗೆ ಬೀಳುತ್ತದೆ. ರಾಯನು ಸೀಮೆಗಳನ್ನು ನಾಯಕರಿಗೆ ಹಂಚಿಕೊಡುತ್ತಿದ್ದನು. ನಾಯಕನು ರಾಯನಿಗೆ ದಂಡು ಕಟ್ಟಿ ಕೊಡಬೇಕು, ಹಣವನ್ನೂ ಒಪ್ಪಿಸಬೇಕು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯು, ಒಕ್ಕಲಿಗರು ಬೆಳೆದ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಒಡೆಯರಿಗೇ ಹೋಗುತ್ತದೆಂದು ಬರೆದಿದ್ದಾನೆ. ಇದು ಅತಿಶಯೋಕ್ತಿಯೆಂದೇ ನನ್ನ ಅಭಿಪ್ರಾಯ. ಹತ್ತನೆಯ ಒಂದು ಪಾಲಿನಲ್ಲಿ ಯಾವ ಒಕ್ಕಲು ತಾನೆ ಮುಂದಿನ ಬಿತ್ತನೆಯವರೆಗೆ ಬದುಕೀತು? ಆದರೆ ಕುದುರೆ ಮಾರಿ ಲಾಭ ಮಾಡಿಕೊಳ್ಳಲು ಬಂದವನ ಕಣ್ಣಿಗೂ ಆ ಭಾರ ಬಿದ್ದಿತೆಂಬುದು ಗಮನಿಸತಕ್ಕ ಸಂಗತಿ.

ಹಾಗಾದರೆ ನಮ್ಮ ಜನ ಏನು ಮಾಡಿದರು? ಸಹಿಸಿಕೊಂಡು ಸುಮ್ಮನಿದ್ದರೆಂದು ಹೇಳುವವರುಂಟು. ಆ ಮಾತು ನಿಜವಲ್ಲ. ಸಾಮ್ರಾಜ್ಯದ ತಮಿಳು ಸೀಮೆಯಲ್ಲಿ, ಇಮ್ಮಡಿ ದೇವರಾಯನ ಆಳಿಕೆಯಲ್ಲಿ, 1429ರಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. ಬಲಗೈಯ ತೊಂಬತ್ತೆಂಟು ಪಂಗಡದವರೂ ಎಡಗೈಯ ತೊಂಬತ್ತೆಂಟು ಪಂಗಡದವರೂ, ಎಂದರೆ ಒಬ್ಬರಿಗೊಬ್ಬರು ಆಗದ ಎರಡು ಬಣದವರು, ಒಂದುಗೂಡಿದರು. ಅಧಿಕಾರಿಗಳೂ ಭೂಮಿಯ ಒಡೆತನವಿದ್ದ ಬ್ರಾಹ್ಮಣ, ವೆಳ್ಳಾಳರೂ ಬೆಳೆಯನ್ನು ನೋಡದೆ ಮನಬಂದಂತೆ ತೆರಿಗೆ ಹೇರುತ್ತಾರೆ. ನಾವು ಒಗ್ಗಟ್ಟಾಗಿಲ್ಲದ್ದರಿಂದಲೇ ಈ ಅನ್ಯಾಯ ನಡೆದಿದೆ. ಇನ್ನು ಮುಂದೆ ಬೆಳೆಗೆ ತಕ್ಕಷ್ಟೇ ಕೊಡುವೆವು ಎಂದು ಗೊತ್ತುಮಾಡಿದರು. ಅಂಥವರ ಲೆಕ್ಕವನ್ನು ತಮ್ಮವರಾರೂ ಬರೆಯಕೂಡದೆಂದೂ ಕಟ್ಟು ಮಾಡಿದರು. ಲೆಕ್ಕ ಬರೆಯುವವನಿಲ್ಲದಿದ್ದರೆ ಸರಕಾರ ನಡೆಯದೆಂಬ ಗುಟ್ಟು ಅವರಿಗೆ ತಿಳಿದಿತ್ತು! ಇದನ್ನೆಲ್ಲ ಅವರು ಕೊರುಕ್ಕೈ, ಆಡುತುರೈ ಮೊದಲಾದ ಊರುಗಳಲ್ಲಿ ದರಗಳ ಸಹಿತ ಶಿಲೆಯ ಮೇಲೆ ಕೆತ್ತಿಸಿದರು. ಅದೇ ಶತಮಾನದಲ್ಲಿ ಅಲ್ಲಿಯ ನೇಕಾರರು ಪಲ್ಲಕ್ಕಿ ಏರುವ, ಶಂಖ ಊದಿಸಿಕೊಳ್ಳುವ ಹಕ್ಕನ್ನು ಪಡೆದರು. ಜನ ಹಣವನ್ನಷ್ಟೇ ಅಲ್ಲ, ಮರ್ಯಾದೆಯನ್ನೂ ಕೇಳಿದರು.

ಇನ್ನು ನಮ್ಮ ಮನೆಬಾಗಿಲಿಗೇ ಬರೋಣ. ಹುಬ್ಬಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಬಾದಾಮಿಗೆ ನಿಮ್ಮಲ್ಲಿ ಅನೇಕರು ಹೋಗಿರುತ್ತೀರಿ. ಗುಹೆಗಳನ್ನು ನೋಡಿ, ಅಗಸ್ತ್ಯತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚಿ, ಸಂಜೆಗೆ ತಿರುಗಿರುತ್ತೀರಿ. ಚಾಲುಕ್ಯರ ಆ ಊರಿಗೆ ಇನ್ನೊಂದು ನೆನಪೂ ಉಂಟು. 1540ರ ದಶಕ, ಪಟ್ಟದಲ್ಲಿದ್ದವನು ಸದಾಶಿವರಾಯ, ಅಧಿಕಾರ ನಡೆಸುತ್ತಿದ್ದವನು ಅಳಿಯ ರಾಮರಾಯ. ಕೊಂಡೋಜ ಮೊದಲಾದ ಕ್ಷೌರಿಕರ ಸೇವೆಯಿಂದ ಸಂತುಷ್ಟನಾದ ರಾಮರಾಯನು, ಕ್ಷೌರಿಕರಿಗೆ ಬಿಟ್ಟಿ, ಕಾಣಿಕೆ, ಬಿರಾಡ, ಮಹಾನವಮಿಯ ಪಂಜಿನ ಊಳಿಗ ಇವೆಲ್ಲವನ್ನೂ ಮಾಫಿ ಮಾಡಿದನೆಂದು ಆ ಕಾಲದ ಶಾಸನಗಳು ಸಾರುತ್ತವೆ. ಬಾದಾಮಿಯಲ್ಲಿ ಮಾತ್ರವಲ್ಲ, ಕನ್ನಡ, ತೆಲುಗು ಸೀಮೆಗಳ ಅನೇಕ ಊರುಗಳಲ್ಲಿ ಈ ಅರ್ಥದ ಶಾಸನಗಳು ದೊರೆತಿವೆ.

ಕೊಂಡೋಜ ಎಂಬ ಹೆಸರಿನ ಕೊನೆಯ ಭಾಗವನ್ನು ನೋಡಿರಿ. ಓಜ ಎಂದರೆ ಉಪಾಧ್ಯಾಯ. ಸಂಸ್ಕೃತದ ಆ ಶಬ್ದವೇ ಪ್ರಾಕೃತದ ಬಾಯಲ್ಲಿ ಸವೆದು ಕನ್ನಡದಲ್ಲಿ ಓಜನಾಯಿತು. ಶಿಲ್ಪಿ, ಬಡಗಿ, ಕ್ಷೌರಿಕ ಎಲ್ಲರ ಹೆಸರಿಗೂ ಅದು ಗೌರವದಿಂದ ಅಂಟಿಕೊಂಡಿತು. ಪಾಠ ಹೇಳುವ ನನಗೂ ಕತ್ತಿ ಹಿಡಿದ ಅವನಿಗೂ ಭಾಷೆ ಒಂದೇ ಪದವಿಯನ್ನು ಕೊಟ್ಟಿದೆ. ಇದು ವಿಷಯಾಂತರ, ಆದರೂ ಪಂಡಿತನಿಗೆ ಇಷ್ಟು ಸಲಿಗೆ ಇರಲಿ.

ಒಂದು ಒಳ್ಳೆಯ ಕ್ಷೌರಕ್ಕೆ ಮೆಚ್ಚಿ ಸಾಮ್ರಾಜ್ಯದ ಕ್ಷೌರಿಕರನ್ನೆಲ್ಲ ಬಿಡುಗಡೆ ಮಾಡಿದನೆಂದರೆ ಯಾರಿಗಾದರೂ ನಗು ಬರುತ್ತದೆ. ನಕ್ಕು ಮುಂದೆ ಹೋದವರೇ ಹೆಚ್ಚು. ಆದರೆ ವಿಚಾರ ಮಾಡಿರಿ. ಹಳ್ಳಿಯ ಕ್ಷೌರಿಕನು ಆಯಗಾರರಲ್ಲಿ ಒಬ್ಬನು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳಿನ ಪಾಲನ್ನು ಪಡೆದು ವರ್ಷವಿಡೀ ಊರಿನ ಕೆಲಸ ಮಾಡಬೇಕು. ನಗದು ಅವನ ಕೈಗೆ ಬರುವುದೇ ಅಪರೂಪ, ತೆರಿಗೆಯೋ ನಗದಿನಲ್ಲಿ. ಅದರ ಮೇಲೆ ಬಿಟ್ಟಿ: ಅಧಿಕಾರಿ ಊರಿಗೆ ಬಂದಾಗ ಕರೆದಲ್ಲಿಗೆ ಹೋಗಬೇಕು, ಕೂಲಿ ಕೇಳುವಂತಿಲ್ಲ. ಇಂಥವನಿಗೆ ಮಾಫಿ ಎಂದರೆ ಮನೆಯ ಒಲೆಯ ಮಾತು. ರಾಯರ ಬಳಿ ಕೂತು ಮಾತಾಡುವ ಅವಕಾಶ ಸಿಕ್ಕ ಕಸುಬಿನವನು ತನಗೊಬ್ಬನಿಗೇ ಒಂದು ಊರನ್ನು ಬೇಡದೆ ತನ್ನವರಿಗೆಲ್ಲ ಬೇಡಿದನೆಂಬುದೇ ಈ ಕಥೆಯ ತಿರುಳೆಂದು ನನಗೆ ತೋರುತ್ತದೆ.

ಇನ್ನೊಂದು ಪ್ರಶ್ನೆ. ಅಪ್ಪಣೆ ಒಂದೇ ಆದಮೇಲೆ ಇಷ್ಟೊಂದು ಊರುಗಳಲ್ಲಿ ಕಲ್ಲುಗಳೇಕೆ? ರಾಜಧಾನಿಯಲ್ಲಿ ಮಾಫಿಯಾದರೆ ಹಳ್ಳಿಯಲ್ಲಿ ಮಾಫಿಯಾದಂತಲ್ಲ. ಊರ ಗೌಡನೂ ಲೆಕ್ಕದವನೂ ಒಪ್ಪಬೇಕು. ಓಲೆ ಹರಿದೀತು, ಇಲ್ಲವೆಂದರೆ ಇಲ್ಲವಾದೀತು. ರಿಚರ್ಡನ ಪತ್ರಗಳಂತೆ ಮರಳಿ ಹೋದೀತು. ದೇವಸ್ಥಾನದ ಮುಂದೆ ನೆಟ್ಟ ಕಲ್ಲನ್ನು ಇಲ್ಲವೆನ್ನುವುದು ಕಷ್ಟ. ಆ ಅಪ್ಪಣೆಯನ್ನು ಊರಿಂದೂರಿಗೆ ಒಯ್ದು ಕೆತ್ತಿಸುವಲ್ಲಿ ಕ್ಷೌರಿಕರ ಕೈಯೇ ಮುಂದಾಗಿರಬೇಕೆಂಬುದು ನನ್ನ ಊಹೆ. ಬೇರೆ ಯಾರಿಗೆ ಅದರ ಅಗತ್ಯವಿತ್ತು?

ಈ ಮಾಫಿಯಿಂದ ಕಾಲವೆಲ್ಲ ಸುಧಾರಿಸಿತೆಂದು ನಾನು ಹೇಳಲಾರೆ. ಇದು ಕೃಪೆಯಿಂದ ಬಂದ ವಿನಾಯಿತಿ, ಕೃಪೆ ಒಬ್ಬ ಕಸುಬಿನವರಿಗೆ ಬಂದರೆ ಇನ್ನೊಬ್ಬರಿಗೆ ಬರಲಿಲ್ಲ. ಆದರೂ ಕೆಳಗಿನವನು ಮೇಲಿನವನಿಗೆ ಎದುರುತ್ತರ ಕೊಡುವ ಧೈರ್ಯ ಆ ಶತಮಾನದ ಗಾಳಿಯಲ್ಲಿಯೇ ಇತ್ತು. ಹಿಂದೆ ನಮ್ಮ ಧಾರವಾಡ ಜಿಲ್ಲೆಯಲ್ಲಿದ್ದು 1997ರಿಂದ ಹಾವೇರಿ ಜಿಲ್ಲೆಗೆ ಸೇರಿರುವ ಬಾಡದ ಕನಕದಾಸರನ್ನು ನೆನೆಯಿರಿ. ಅವರ ರಾಮಧಾನ್ಯ ಚರಿತೆಯಲ್ಲಿ ಬತ್ತವೂ ರಾಗಿಯೂ ರಾಮನ ಮುಂದೆ ವ್ಯಾಜ್ಯಕ್ಕೆ ನಿಲ್ಲುತ್ತವೆ. ಕುಲದ ಹಮ್ಮಿನಿಂದ ಹಳಿದ ಬತ್ತಕ್ಕೆ ರಾಗಿಯು, ಬಡವರನ್ನು ಬರಗಾಲದಲ್ಲಿ ಕಾಯುವವರು ಯಾರೆಂದು ಕೇಳುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಬತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ, ರಾಘವನ ಹೆಸರನ್ನೇ ಪಡೆಯುತ್ತದೆ. ರಾಘವನಿಂದ ರಾಗಿ ಬಂದಿತೆಂಬ ನಿರುಕ್ತಿ ವ್ಯಾಕರಣಕ್ಕೆ ಒಪ್ಪುವುದಿಲ್ಲ, ಕಾವ್ಯಕ್ಕೆ ಒಪ್ಪುತ್ತದೆ. ಜೋಳದ ರೊಟ್ಟಿ ಉಣ್ಣುವ ನಾವು ರಾಗಿಯ ಜಾಗದಲ್ಲಿ ಜೋಳವನ್ನಿಟ್ಟು ಓದಿಕೊಂಡರೂ ಅರ್ಥ ಕೆಡದು.

1565ರ ಜನವರಿಯಲ್ಲಿ ರಾಮರಾಯನು ರಣದಲ್ಲಿ ಮಡಿದನು. ಮುಂದೆ ಈ ಸೀಮೆಯು ವಿಜಾಪುರದ ಆದಿಲಶಾಹಿಯ ಕೈಸೇರಿತು. ಅಪ್ಪಣೆ ಕೊಟ್ಟ ಸರಕಾರವೇ ಹೋಯಿತು, ಕಲ್ಲುಗಳು ಉಳಿದವು. ಇಂಥವು ಇನ್ನೂ ಎಷ್ಟೋ ಊರುಗಳಲ್ಲಿ ಗೋಡೆಗೆ ಸೇರಿ, ಸುಣ್ಣ ಬಳಿಸಿಕೊಂಡು, ಬಟ್ಟೆ ಒಗೆಯುವ ಬಂಡೆಯಾಗಿ ಬಿದ್ದಿರಬಹುದು. ನೀವು ಹಬ್ಬಕ್ಕೆ ನಿಮ್ಮ ಹಳ್ಳಿಗೆ ಹೋದಾಗ ಅಕ್ಷರವಿರುವ ಕಲ್ಲು ಕಂಡರೆ ಉಜ್ಜಬೇಡಿರಿ, ಬಣ್ಣ ತುಂಬಬೇಡಿರಿ. ಒಂದು ಚಿತ್ರ ತೆಗೆದು, ಊರಿನ ಹೆಸರು ಬರೆದು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ತಿಳಿಸಿರಿ. ಅದರಲ್ಲಿರುವುದು ರಾಜನ ಬಿರುದೋ ಕ್ಷೌರಿಕನ ಮಾಫಿಯೋ ಓದಿದ ಮೇಲೆಯೇ ಗೊತ್ತಾಗತಕ್ಕದ್ದು.